ಬೇತ್ಲೆಹೇಮಿನ ಗೋದಲಿ, ನಮ್ಮೂರ ಗ್ವಾದಲಿ

ಡಿಸೆಂಬರ್ ಕಾಲಿಟ್ಟಿತೆಂದರೆ ಹೈದರಾಬಾದ್, ಸಿಕಂದರಾಬಾದ್ ಜೋಡಿನಗರಗಳಲ್ಲಿ ಅಲ್ಲಲ್ಲಿ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗತೊಡಗುತ್ತವೆ. ಗನ್‌ಫೌಂಡ್ರಿಯ ಸೇಂಟ್ ಜೋಸೆಫ್ ಕೆಥೆಡ್ರಲಿನಲ್ಲಾಗಲಿ ಸಿಕಂದರಾಬಾದಿನ ಸೇಂಟ್ ಮೇರಿ ಚರ್ಚಿನಲ್ಲಾಗಲಿ ಹುಲ್ಲು ಹೊದಿಸಿದ ಪುಟ್ಟ ಕೊಟ್ಟಿಗೆಯೊಂದು ಎದ್ದು ನಿಲ್ಲುತ್ತದೆ. ಒಳಗೆ ಮರಿಯ, ಯೋಸೇಫ, ಎತ್ತು, ಕತ್ತೆ, ಕುರುಬರು; ನಡುವೆ ಮೇವಿನ ತೊಟ್ಟಿಯಲ್ಲಿ ಮಲಗಿದ ಕೂಸು. ಕನ್ನಡ ಕ್ರೈಸ್ತರು ಇದನ್ನು ಗೋದಲಿ ಎಂದು ಕರೆಯುತ್ತಾರೆ. ಈ ನಗರದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಆ ಪದವನ್ನು ಮೊದಲು ಕೇಳಿದ್ದು ನೆರೆಮನೆಯ ಕ್ರಿಸ್‌ಮಸ್ಸಿನಲ್ಲಿಯೇ. ಆದಕಾರಣ ಅವರ ಪಾಲಿಗೆ ಗೋದಲಿ ಎಂದರೆ ರಟ್ಟಿನ ಡಬ್ಬಿ, ಹತ್ತಿ ಮತ್ತು ಬಣ್ಣದ ಬಲ್ಬಿನ ಸರ.

ಮಕ್ಕಳನ್ನು ಅಂದು ಪ್ರಯೋಜನವಿಲ್ಲ. ಫ್ಲಾಟುಗಳ ಊರಿನಲ್ಲಿ ಗೋದಲಿ ಎಲ್ಲಿಂದ ಬರಬೇಕು? ಗೋದಲಿ ಎಂಬುದು ಚರ್ಚಿನ ಪದವೇ ಅಲ್ಲ, ಅದು ಒಕ್ಕಲುತನದ ಪದ. ದನಗಳಿಗೆ ಮೇವು ಹಾಕುವ ತಾಣ. ನಮ್ಮ ರಾಯಚೂರು ಸೀಮೆಯವರ ಬಾಯಲ್ಲಿ ಅದು ಗ್ವಾದಲಿ. ಈ ಪದವನ್ನು ಬಲ್ಲವರು, ಅದು ಮನೆಯ ಯಾವ ಭಾಗದಲ್ಲಿ ಇರುತ್ತಿತ್ತೆಂದು ಕಂಡವರು, ಕ್ರಿಸ್ತನ ಜನನದ ಕಥೆಯನ್ನು ಪರದೇಶದ ಚಿತ್ರಪಟಗಳಲ್ಲಿ ಇರುವುದಕ್ಕಿಂತ ಬೇರೆ ರೀತಿಯಲ್ಲಿ ಓದಬಲ್ಲರು ಎಂಬುದು ನಮ್ಮ ನಂಬಿಕೆ. ಆ ಓದಿಗೆ ಇತಿಹಾಸದ ಬೆಂಬಲವೂ ಇದೆ.

ಬಯಲುಸೀಮೆಯ ಹಳೆಯ ಮಾಳಿಗೆ ಮನೆಗಳನ್ನು ನೆನಪಿಸಿಕೊಳ್ಳಿ. ತಲೆಬಾಗಿಲು ದಾಟಿದೊಡನೆ ಸಿಗುತ್ತಿದ್ದುದು ಪಡಸಾಲೆಯಲ್ಲ, ದನ ಕಟ್ಟುವ ಜಾಗ. ಎತ್ತು, ಆಕಳು, ಕರು ಎಲ್ಲವೂ ಅದೇ ಬಾಗಿಲಿನಿಂದ ಒಳಗೆ ಬರಬೇಕು. ಅಲ್ಲಿಂದ ಮೊಣಕಾಲೆತ್ತರದ ಕಟ್ಟೆ ಹತ್ತಿದರೆ ಮನುಷ್ಯರ ವಾಸ. ಅದರಾಚೆ ಅಡಿಗೆಮನೆ, ದೇವರ ಜಗಲಿ. ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಗ್ವಾದಲಿ ಇರುತ್ತಿದ್ದುದು ಈ ಎರಡು ಮಟ್ಟಗಳ ನಡುವೆ, ಅಥವಾ ಗೋಡೆಯ ಉದ್ದಕ್ಕೆ. ರಾತ್ರಿ ಕಟ್ಟೆಯ ಮೇಲೆ ಮಲಗಿದವರಿಗೆ ಎತ್ತುಗಳು ಮೆಲುಕು ಹಾಕುವ ಸಪ್ಪಳ, ಕೊರಳ ಗೆಜ್ಜೆಯ ಸದ್ದು ಕೇಳುತ್ತಿತ್ತು. ಚಳಿಗಾಲದಲ್ಲಿ ದನಗಳ ಮೈಬಿಸಿ ಮನೆಗೂ ಬಿಸಿ. ದನ ಹೊರಗಿದ್ದರೆ ಕಳ್ಳರ ಭಯ, ತೋಳದ ಭಯ. ಅವು ಮನೆಯ ಆಸ್ತಿಯಷ್ಟೇ ಅಲ್ಲ, ಮನೆಯ ಮಂದಿಯೂ ಆಗಿದ್ದವು.

ಇದಕ್ಕೆ ನಮ್ಮಲ್ಲಿ ಒಂದು ಹಬ್ಬವೇ ಇದೆ. ಕಾರಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಬರುವ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಹೊಲದ ಮಣ್ಣೋ ಕೆರೆಯ ಮಣ್ಣೋ ತಂದು ಎತ್ತುಗಳನ್ನು ಮಾಡುತ್ತಾರೆ. ಎತ್ತುಗಳ ಮುಂದೆ ಮಣ್ಣಿನದೇ ಒಂದು ಪುಟ್ಟ ಗ್ವಾದಲಿಯನ್ನೂ ಮಾಡಿಟ್ಟು, ಜಗಲಿಯ ಮೇಲೆ ಕೂಡಿಸಿ ಪೂಜೆ ಮಾಡುತ್ತಾರೆ. ದೇವರ ಮೂರ್ತಿಯಿಲ್ಲ. ಎತ್ತು, ಗ್ವಾದಲಿ, ಅಷ್ಟೇ. ಓದುಗರು ಈ ಚಿತ್ರವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇಟಲಿಯಲ್ಲಿ ಇದನ್ನೇ ಮತ್ತೆ ಕಾಣಲಿದ್ದೇವೆ.

ಇನ್ನು ಮೂಲಕಥೆಗೆ ಬರೋಣ. ಕ್ರಿಸ್ತನ ಜನನದ ವಿವರ ಬರುವುದು ಎರಡೇ ಸುವಾರ್ತೆಗಳಲ್ಲಿ, ಮತ್ತಾಯ ಮತ್ತು ಲೂಕ. ನಕ್ಷತ್ರವೂ ಮೂಡಣ ದೇಶದ ಜ್ಞಾನಿಗಳೂ ಮತ್ತಾಯನಲ್ಲಿ. ಜನಗಣತಿ, ಕುರುಬರು, ಗೋದಲಿ ಇವು ಲೂಕನಲ್ಲಿ. ಜ್ಞಾನಿಗಳು ಮೂವರೆಂದು ಮತ್ತಾಯ ಹೇಳಿಲ್ಲ, ಅವರು ಅರಸರೆಂದೂ ಹೇಳಿಲ್ಲ. ನಕ್ಷತ್ರದ ವಿಚಾರದಲ್ಲಿ ಬಿ.ಎಸ್‌ಸಿ. ಓದಿದ ನಮಗೆ ನಾಲ್ಕು ಮಾತು ಬರೆಯುವ ಆಸೆಯೇನೋ ಇದೆ. ಕ್ರಿ.ಪೂ. ೭ರಲ್ಲಿ ಗುರು, ಶನಿ ಗ್ರಹಗಳು ಒಂದೇ ವರ್ಷದಲ್ಲಿ ಮೂರು ಸಲ ಹತ್ತಿರ ಬಂದಿದ್ದವು. ಆ ಕೂಟದ ಕಡೆಗೆ ಗಮನ ಸೆಳೆದವನು ಖಗೋಳಜ್ಞ ಕೆಪ್ಲರ್. ೨೦೨೦ರ ಡಿಸೆಂಬರಿನಲ್ಲಿ ಅದೇ ಎರಡು ಗ್ರಹಗಳು ಒಂದಕ್ಕೊಂದು ಅಂಟಿದಂತೆ ಕಂಡದ್ದನ್ನು ನಮ್ಮ ಓದುಗರಲ್ಲಿಯೂ ಹಲವರು ನೋಡಿರಬಹುದು. ಇರಲಿ, ನಮ್ಮ ವಿಷಯ ಆಕಾಶದ್ದಲ್ಲ, ಕೊಟ್ಟಿಗೆಯದು.

ಲೂಕನ ಕಥೆ ಒಂದು ಸರ್ಕಾರಿ ಆಜ್ಞೆಯಿಂದ ಆರಂಭವಾಗುತ್ತದೆ. ಅಗಸ್ಟಸ್ ಚಕ್ರವರ್ತಿ ಜನಗಣತಿಗೆ ಆಜ್ಞೆ ಮಾಡಿದ. ನಜರೇತಿನಲ್ಲಿದ್ದ ಯೋಸೇಫ ಹೆಸರು ಬರೆಸಲು ತನ್ನ ಮೂಲದ ಊರಾದ ಬೇತ್ಲೆಹೇಮಿಗೆ ಗರ್ಭಿಣಿಯೊಡನೆ ಹೊರಟ. ಆಫೀಸಿನಲ್ಲಿ ಸರ್ಕ್ಯುಲರುಗಳ ನಡುವೆ ಜೀವ ತೇಯುವ ನಮ್ಮಂಥವರಿಗೆ ಇದು ಬಹಳ ಪರಿಚಿತವಾದ ಆರಂಭ. ಆದರೆ ಕಡತ ಪೂರ್ತಿ ತಾಳೆಯಾಗುವುದಿಲ್ಲ. ಲೂಕ ಹೆಸರಿಸುವ ಕುರೇನ್ಯನ ಕಾಲದ ಜನಗಣತಿ ನಡೆದದ್ದು ಕ್ರಿ.ಶ. ೬ರಲ್ಲಿ, ಯೂದಾಯ ಪ್ರಾಂತ ನೇರವಾಗಿ ರೋಮಿನ ಆಡಳಿತಕ್ಕೆ ಬಂದಾಗ. ಮತ್ತಾಯ ಹೇಳುವ ಹೆರೋದ ಅರಸನಾದರೋ ಕ್ರಿ.ಪೂ. ೪ರಲ್ಲಿಯೇ ತೀರಿಕೊಂಡನೆಂದು ಹೆಚ್ಚಿನ ಇತಿಹಾಸಕಾರರ ಎಣಿಕೆ. ನಡುವೆ ಸುಮಾರು ಹತ್ತು ವರ್ಷದ ಅಂತರ. ಜನಗಣತಿಗೆಂದು ಮೂಲದ ಊರಿಗೆ ಹೋಗಬೇಕೆಂಬ ಮಾತನ್ನೂ ಕೆಲವರು ಸಂಶಯಿಸುತ್ತಾರೆ. ಹಾಗಿದ್ದೂ ಕ್ರಿ.ಶ. ೧೦೪ರಲ್ಲಿ ಈಜಿಪ್ಟಿನ ರೋಮನ್ ಅಧಿಕಾರಿ ವಿಬಿಯಸ್ ಮ್ಯಾಕ್ಸಿಮಸ್ ಎಂಬಾತ ಮನೆಗಣತಿ ಬಂದಿದೆ, ಹೊರಗಿರುವವರೆಲ್ಲ ತಂತಮ್ಮ ಮನೆಗಳಿಗೆ ಹಿಂದಿರುಗಬೇಕು ಎಂದು ಹೊರಡಿಸಿದ ಆಜ್ಞೆಯ ಪ್ರತಿ ಪಪೈರಸ್ ಹಾಳೆಯ ಮೇಲೆ ಉಳಿದು ಬಂದಿದೆ, ಈಗ ಲಂಡನ್ನಿನಲ್ಲಿದೆ. ಎರಡು ಸಾವಿರ ವರ್ಷಗಳ ಹಿಂದೆಯೂ ಹೊಟ್ಟೆಪಾಡಿಗೆ ಊರು ಬಿಟ್ಟವರ ಪಾಡು ಇದ್ದದ್ದೇ. ನಮ್ಮ ದೇಶದ ಜನಗಣತಿ ದಯಾಮಯಿ. ಇದ್ದಲ್ಲಿಗೇ ಬಂದು ಎಣಿಸುತ್ತದೆ, ಮಾತೃಭಾಷೆಯ ಕಾಲಮಿನಲ್ಲಿ ಕನ್ನಡ ಎಂದು ಬರೆಸಿದರೆ ಬರೆದುಕೊಳ್ಳುತ್ತದೆ.

ಈಗ ಮುಖ್ಯವಾದ ಮಾತು. ಬೇತ್ಲೆಹೇಮಿನಲ್ಲಿ ಅವರಿಗೆ ಎಲ್ಲಿ ಸ್ಥಳ ಸಿಗಲಿಲ್ಲ? ಕನ್ನಡ ಬೈಬಲಿನಲ್ಲಿ ಛತ್ರ ಎಂದಿದೆ. ತೆಲುಗಿನಲ್ಲಿ ಸತ್ರಮು, ಉರ್ದುವಿನಲ್ಲಿ ಸರಾಯ್. ನಿಜಾಮರ ಕಾಲದಲ್ಲಿ ನಾಂಪಲ್ಲಿ ಸ್ಟೇಷನ್ನಿನ ಹತ್ತಿರ ಪ್ರಯಾಣಿಕರಿಗೆಂದು ಕಟ್ಟಿಸಿದ ಸರಾಯನ್ನು ಬಲ್ಲ ಈ ಊರಿನವರಿಗೆ ಕಣ್ಣಿಗೆ ಕಟ್ಟುವ ಪದ ಅದು. ೧೬೧೧ರ ಇಂಗ್ಲಿಷ್ ಬೈಬಲಿನಲ್ಲಿಯೂ ಅರ್ಥ ಇದೇ. ಇದರಿಂದಲೇ ನಾಟಕಗಳಲ್ಲಿ ಬಾಗಿಲು ಹಾಕಿ ಬೈದು ಕಳಿಸುವ ಛತ್ರದ ಯಜಮಾನ ಹುಟ್ಟಿಕೊಂಡ. ಸುವಾರ್ತೆಯಲ್ಲಿ ಅಂಥ ಯಜಮಾನನೇ ಇಲ್ಲ.

ಲೂಕ ಬರೆದದ್ದು ಗ್ರೀಕ್ ಭಾಷೆಯಲ್ಲಿ. ಅಲ್ಲಿ ಅವನು ಬಳಸಿರುವ ಪದ ಕಟಾಲುಮ. ಇದೇ ಪದವನ್ನು ಅವನು ಇನ್ನೊಂದೆಡೆ, ಯೇಸು ಶಿಷ್ಯರೊಡನೆ ಕೊನೆಯ ಊಟ ಮಾಡಿದ ಮಹಡಿಯ ಕೋಣೆಗೆ ಬಳಸುತ್ತಾನೆ. ಎಂದರೆ ಒಂದು ಮನೆಯಲ್ಲಿ ಬಂದವರಿಗೆಂದು ಇಟ್ಟ ಕೋಣೆ. ಹಣ ಕೊಟ್ಟು ಇಳಿದುಕೊಳ್ಳುವ ಛತ್ರವನ್ನು ಹೇಳಬೇಕಾದಲ್ಲಿ, ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ಸಮಾರ್ಯದವನ ಕಥೆಯಲ್ಲಿ, ಅವನು ಪಂಡೋಕಿಯಾನ್ ಎಂಬ ಬೇರೆಯೇ ಪದವನ್ನು ಬಳಸುತ್ತಾನೆ. ಪದಗಳ ವ್ಯತ್ಯಾಸ ಅವನಿಗೆ ಗೊತ್ತಿತ್ತು. ಅಮೆರಿಕದ ವಿದ್ವಾಂಸ ಕೆನೆತ್ ಬೇಲಿ ದಶಕಗಳ ಕಾಲ ಲೆಬನಾನ್, ಈಜಿಪ್ಟ್, ಜೆರೂಸಲೇಮುಗಳಲ್ಲಿ ಇದ್ದು ಪಾಠ ಹೇಳಿದವರು. ಅಲ್ಲಿಯ ಹಳ್ಳಿಗಳ ಮನೆಗಳನ್ನು ನೋಡಿ ಅವರು ಈ ವಾದವನ್ನು ವಿಸ್ತರಿಸಿದರು. ಪ್ಯಾಲೆಸ್ತೀನಿನ ರೈತನ ಮನೆ ಒಂದೇ ದೊಡ್ಡ ಕೋಣೆ. ಬಾಗಿಲ ಬಳಿ ತಗ್ಗಿನಲ್ಲಿ ದನ ಕತ್ತೆಗಳು. ನಾಲ್ಕಡಿ ಎತ್ತರದಲ್ಲಿ ಜನ. ನಡುವಿನ ಅಂಚಿನಲ್ಲಿ ಗೋದಲಿಗಳು. ಪಕ್ಕದಲ್ಲೋ ಮಾಳಿಗೆಯ ಮೇಲೋ ಅತಿಥಿಗಳ ಕೋಣೆ. ಮೇಲ್ಛಾವಣಿ ಸಪಾಟಾದದ್ದು, ಮಣ್ಣು ಮೆತ್ತಿದ್ದು. ಒಬ್ಬ ಪಾರ್ಶ್ವವಾಯು ರೋಗಿಯನ್ನು ಅಂಥದೇ ಮಾಳಿಗೆ ಕಿತ್ತು ಕೆಳಗಿಳಿಸಿದ ಕಥೆ ಮಾರ್ಕನಲ್ಲಿದೆ.

ಇದನ್ನು ಓದಿದಾಗ ನಮಗೆ ಕಂಡದ್ದು ಲಿಂಗಸುಗೂರು ತಾಲೂಕಿನ ಮನೆ!

ಹೀಗೆ ನೋಡಿದರೆ ಕಥೆಯ ಸ್ವರೂಪವೇ ಬದಲಾಗುತ್ತದೆ. ಯೋಸೇಫ ತನ್ನ ವಂಶದವರ ಊರಿಗೆ ಬಂದಿದ್ದಾನೆ. ದಾವೀದನ ಮನೆತನದವನು, ಬಂಧುಗಳಿರುವ ಊರು. ಅವರು ಅಲ್ಲಿ ಇದ್ದಾಗ ದಿನ ತುಂಬಿತು ಎಂದು ಲೂಕ ಹೇಳುತ್ತಾನೆಯೇ ಹೊರತು, ಬಂದಿಳಿದ ರಾತ್ರಿಯೇ ಬೀದಿಬೀದಿ ಅಲೆದರೆಂದಲ್ಲ. ಅತಿಥಿಗಳ ಕೋಣೆ ಆಗಲೇ ತುಂಬಿತ್ತು. ಮನೆಯವರು ಬಾಗಿಲು ಮುಚ್ಚಲಿಲ್ಲ, ತಾವು ಮಲಗುವ ಜಾಗದಲ್ಲಿ ಅವಳಿಗೆ ಎಡೆ ಮಾಡಿಕೊಟ್ಟರು. ಕೂಸನ್ನು ಬಟ್ಟೆಯಲ್ಲಿ ಸುತ್ತಿ, ಹುಲ್ಲು ತುಂಬಿದ ಗೋದಲಿಯಲ್ಲಿ ಮಲಗಿಸಿದರು. ಎಲ್ಲ ಪಂಡಿತರೂ ಇದನ್ನು ಒಪ್ಪಿಲ್ಲ; ಕ್ರಿ.ಶ. ೧೫೦ರ ಸುಮಾರಿಗೇ ಜಸ್ಟಿನ್ ಎಂಬ ಧರ್ಮಾಚಾರ್ಯ ಹುಟ್ಟಿದ್ದು ಗವಿಯಲ್ಲಿ ಎಂದಿದ್ದಾನೆ, ಬೇತ್ಲೆಹೇಮಿನ ದೇವಾಲಯ ಇರುವುದೂ ಗವಿಯ ಮೇಲೆಯೇ. ಆದರೆ ಆ ಗುಡ್ಡದ ಊರಿನಲ್ಲಿ ಗವಿಗೆ ಸೇರಿಸಿ ಮನೆ ಕಟ್ಟಿಕೊಳ್ಳುವುದು ವಾಡಿಕೆಯಾಗಿತ್ತಾದ್ದರಿಂದ ಎರಡಕ್ಕೂ ದೊಡ್ಡ ವಿರೋಧವೇನೂ ಕಾಣದು. ಆ ದೇವಾಲಯದ ಬಾಗಿಲು ಸುಮಾರು ನಾಲ್ಕೇ ಅಡಿ ಎತ್ತರ. ಎಂಥ ದೊಡ್ಡವನೂ ನಮ್ಮ ಹಳ್ಳಿಮನೆಗಳನ್ನು ಹೊಕ್ಕ ಹಾಗೆ ತಲೆ ಬಾಗಿಸಿಯೇ ಹೋಗಬೇಕು.

ನಮ್ಮ ನೆರೆಮನೆಯವರು ಮುದಗಲ್ಲಿನ ಕ್ಯಾಥೊಲಿಕರು. ಮುದಗಲ್ಲಿನ ಕೋಟೆಯನ್ನೂ ಮೊಹರಮನ್ನೂ ಬಲ್ಲವರು ಬಹಳ ಮಂದಿ. ಗೋವೆಯಿಂದ ಬಂದ ಜೆಸ್ವಿಟ್ ಪಾದ್ರಿಗಳಿಂದ ಆದಿಲಶಾಹಿಯ ಕಾಲದಲ್ಲೇ ಅಲ್ಲೊಂದು ಕನ್ನಡ ಮಾತಾಡುವ ಕ್ಯಾಥೊಲಿಕ್ ನೆಲೆ ಬೆಳೆಯಿತೆಂಬುದನ್ನು ಬಲ್ಲವರು ಕಡಿಮೆ. ೧೯೫೬ರವರೆಗೆ ಮುದಗಲ್ಲು ಇದೇ ಹೈದರಾಬಾದ್ ಸಂಸ್ಥಾನದ, ಅನಂತರ ಅದೇ ಹೆಸರಿನ ರಾಜ್ಯದ ಊರಾಗಿತ್ತು. ಆ ಮನೆಯ ಮಕ್ಕಳು ಪ್ರತಿವರ್ಷ ಗೋದಲಿ ಕಟ್ಟುತ್ತಾರೆ, ನಮ್ಮ ಮಕ್ಕಳು ಅಂಟು ಕತ್ತರಿ ಹಿಡಿದು ಸಹಾಯಕ್ಕೆ ಹೋಗುತ್ತಾರೆ. ಒಂದು ಸಲ ಮಕ್ಕಳು ರಟ್ಟಿನ ದೊಡ್ಡ ಮನೆ ಮಾಡಿ, ಅದಕ್ಕೆ ಬೀಗ ಬರೆದು, ದೂರದಲ್ಲಿ ಗುಡಿಸಲು ಇಟ್ಟು ಅದರಲ್ಲಿ ಗೋದಲಿ ಇಟ್ಟಿದ್ದರು. ಮನೆಯ ಅಜ್ಜಿ ಚಷ್ಮಾ ಏರಿಸಿ ನೋಡಿ, “ಗ್ವಾದಲಿ ಮನಿ ಹೊರಗ್ಯಾಕ ಇಟ್ಟೀರಿ? ಒಳಗ ಇಡ್ರಿ. ಎತ್ತು ಹೊರಗ ಕಟ್ಟತಾರೇನು?” ಎಂದರು. ಆ ಅಜ್ಜಿಗೆ ಗ್ರೀಕ್ ಬರುವುದಿಲ್ಲ, ಬೇಲಿಯವರ ಹೆಸರು ಕೇಳಿಲ್ಲ. ಗ್ವಾದಲಿಯನ್ನು ಕಂಡಿದ್ದಾರೆ, ಅಷ್ಟೇ. ಮಕ್ಕಳು ರಟ್ಟಿನ ಮನೆಯ ಗೋಡೆ ಕತ್ತರಿಸಿ ಬೊಂಬೆಗಳನ್ನೆಲ್ಲ ಒಳಗಿಟ್ಟರು.

ಈ ಬೊಂಬೆಯ ಗೋದಲಿ ಮನೆಗಳಿಗೆ ಬಂದ ಇತಿಹಾಸ ಬಲು ಸ್ವಾರಸ್ಯವಾದದ್ದು. ೧೨೨೩ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಗುಡ್ಡದ ಹಳ್ಳಿಯಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಕ್ರಿಸ್‌ಮಸ್ ರಾತ್ರಿಗೆ ಒಂದು ಗೋದಲಿಯಲ್ಲಿ ಹುಲ್ಲು ತುಂಬಿಸಿ, ಒಂದು ಎತ್ತನ್ನೂ ಒಂದು ಕತ್ತೆಯನ್ನೂ ತರಿಸಿದ. ಹಳ್ಳಿಯವರು ಪಂಜು ಹಿಡಿದು ಬಂದರು. ಕೆಲವೇ ವರ್ಷಗಳಲ್ಲಿ ಅವನ ಚರಿತ್ರೆ ಬರೆದ ಚೆಲಾನೋದ ಥಾಮಸನು ಮರಿಯ, ಯೋಸೇಫರ ವೇಷಧಾರಿಗಳನ್ನು ಹೇಳುವುದಿಲ್ಲ. ಕೂಸಿನ ಬೊಂಬೆಯನ್ನೂ ಹೇಳುವುದಿಲ್ಲ. ಇದ್ದದ್ದು ಎತ್ತು, ಕತ್ತೆ, ಬರಿದಾದ ಗೋದಲಿ. ಅದರಲ್ಲಿ ಕೂಸು ಮಲಗಿದಂತೆ ಒಬ್ಬ ಭಕ್ತನಿಗೆ ಮಾತ್ರ ದರ್ಶನವಾಯಿತಂತೆ. ಮಣ್ಣೆತ್ತಿನ ಅಮಾವಾಸ್ಯೆಯ ಜಗಲಿಗೂ ಗ್ರೆಚ್ಚೋ ಹಳ್ಳಿಗೂ ಯಾವ ಐತಿಹಾಸಿಕ ಸಂಬಂಧವೂ ಇಲ್ಲ. ಇದೆಯೆಂದು ಹೇಳುವ ಸಾಹಸವನ್ನು ನಾವು ಮಾಡುವುದಿಲ್ಲ. ಆದರೆ ಒಕ್ಕಲಿಗರ ಭಕ್ತಿ ಎರಡೂ ಕಡೆ ಒಂದೇ ಸಾಮಾನು ಆರಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. ಆ ಗೋದಲಿಯ ಹುಲ್ಲನ್ನು ಜನ ಕಾಯ್ದಿಟ್ಟು ರೋಗದ ದನಗಳಿಗೆ ತಿನ್ನಿಸಿದರೆಂದೂ, ಹೆರಿಗೆ ಕಷ್ಟವಾದ ಹೆಂಗಸರ ಮೈಮೇಲೆ ಇಟ್ಟರೆಂದೂ ಥಾಮಸ್ ಬರೆದಿದ್ದಾನೆ. ನಮ್ಮ ಹಳ್ಳಿಯ ಅಜ್ಜಿಯರೂ ಬಿಡುತ್ತಿರಲಿಲ್ಲ.

ಎತ್ತು, ಕತ್ತೆಗಳ ಹೆಸರು ಲೂಕನಲ್ಲಿ ಇಲ್ಲವೆಂಬುದನ್ನು ಇಲ್ಲೇ ಹೇಳಿಬಿಡಬೇಕು. ಎತ್ತು ತನ್ನ ಒಡೆಯನನ್ನು ಬಲ್ಲದು, ಕತ್ತೆ ಯಜಮಾನನ ಗೋದಲಿಯನ್ನು ಬಲ್ಲದು, ಜನರೇ ಅರಿಯರು ಎಂಬ ಅರ್ಥದ ಮಾತು ಹಳೆಯ ಒಡಂಬಡಿಕೆಯ ಯೆಶಾಯನ ಗ್ರಂಥದಲ್ಲಿದೆ. ಅಲ್ಲಿಂದ ಅವು ಕೊಟ್ಟಿಗೆಗೆ ನಡೆದು ಬಂದವು. ನಾಲ್ಕನೆಯ ಶತಮಾನದ ಶಿಲ್ಪಗಳಲ್ಲಿ ಕೆಲವೆಡೆ ತಾಯಿಯಿಲ್ಲದೆ ಕೂಸು ಮತ್ತು ಈ ಎರಡು ಪ್ರಾಣಿಗಳು ಮಾತ್ರ ಇವೆ.

ಅನಂತರ ಗೋದಲಿ ಚರ್ಚುಗಳಲ್ಲಿ ವೈಭವಕ್ಕೆ ಏರಿತು. ಅದನ್ನು ಮನೆಗೆ ಇಳಿಸಿದ್ದು, ವಿಚಿತ್ರವೆಂದರೆ, ಸರ್ಕಾರದ ನಿಷೇಧಗಳು. ಆಸ್ಟ್ರಿಯಾದ ಚಕ್ರವರ್ತಿ ಎರಡನೆಯ ಜೋಸೆಫ್ ೧೭೮೨ರ ಸುಮಾರಿಗೆ ಚರ್ಚುಗಳಲ್ಲಿ ಗೋದಲಿ ಇಡಕೂಡದೆಂದ; ಜನ ತಂತಮ್ಮ ಮನೆಗಳಲ್ಲಿ ಇಡತೊಡಗಿದರು. ಫ್ರಾನ್ಸಿನ ಕ್ರಾಂತಿಯಲ್ಲಿ ಚರ್ಚುಗಳಿಗೇ ಬೀಗ ಬಿದ್ದಾಗ ಪ್ರೊವಾನ್ಸ್ ಪ್ರಾಂತದವರು ಮಣ್ಣಿನ ಬೊಂಬೆ ಮಾಡಿ ಮನೆಯಲ್ಲಿ ಹಬ್ಬ ಮಾಡಿದರು. ೧೮೦೩ರಿಂದ ಮಾರ್ಸೇಲ್ಸಿನಲ್ಲಿ ಈ ಬೊಂಬೆಗಳ ಸಂತೆಯೇ ನೆರೆಯಿತು. ಅದರಲ್ಲಿ ಹಿಟ್ಟಿನ ಗಿರಣಿಯವ, ಮೀನು ಮಾರುವವಳು, ರೊಟ್ಟಿ ಸುಡುವವ, ಹೀಗೆ ಊರಿಗೆ ಊರೇ ಕೂಸನ್ನು ನೋಡಲು ಬರುತ್ತದೆ. ಮೈಸೂರು ಕಡೆಯ ನಮ್ಮ ಓದುಗರು ದಸರೆಯ ಬೊಂಬೆ ಹಬ್ಬದಲ್ಲಿ ಪಟ್ಟದ ಬೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಶೆಟ್ಟಿಯ ಅಂಗಡಿಯನ್ನು ಕೂಡಿಸುವುದಿಲ್ಲವೇ, ಹಾಗೆ.

ದೊಡ್ಡ ದೇವಾಲಯಗಳ ವೈಭವ ನಮಗೆ ಬೇಡವೆಂದಲ್ಲ. ಇಲ್ಲಿಂದ ಸುಮಾರು ನೂರು ಕಿಲೋಮೀಟರು ದೂರದ ಮೆದಕ್ ಕೆಥೆಡ್ರಲನ್ನು ನೋಡದವರು ನೋಡಬೇಕು. ಬರಗಾಲದಲ್ಲಿ ಜನರಿಗೆ ಕೂಲಿಯೂ ಕೂಳೂ ಸಿಗಲೆಂದು ಪಾದ್ರಿ ಪಾಸ್ನೆಟ್ ಆರಂಭಿಸಿದ ಆ ಕಟ್ಟಡ ೧೯೨೪ರ ಡಿಸೆಂಬರ್ ೨೫ರಂದು ಪ್ರತಿಷ್ಠೆಯಾಯಿತು. ಅದರ ಬಣ್ಣದ ಗಾಜಿನ ಮೂರು ದೊಡ್ಡ ಕಿಟಕಿಗಳಲ್ಲಿ ಒಂದು ಕ್ರಿಸ್ತಜನನದ್ದು. ಹೊರಗಿನ ಬಿಸಿಲಿನಿಂದ ಮಾತ್ರ ಅದು ಬೆಳಗುತ್ತದೆ. ಕತ್ತಲಾದರೆ ಏನೂ ಕಾಣದು. ಆ ಕಿಟಕಿಯನ್ನು ತಲೆ ಎತ್ತಿ ನೋಡಬೇಕು. ಮನೆಯ ಗೋದಲಿಯನ್ನು ನೋಡಲು ನೆಲಕ್ಕೆ ಕೂಡಬೇಕು.

ಕನ್ನಡಕ್ಕೆ ಇಡೀ ಬೈಬಲು ಬಂದದ್ದು ೧೮೩೧ರಲ್ಲಿ, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ದುಡಿಮೆಯಿಂದ. ೧೮೬೨ರಲ್ಲಿ ಕಿಟ್ಟೆಲ್ಲರು ಕ್ರಿಸ್ತನ ಕಥೆಯನ್ನು ‘ಕಥಾಮಾಲೆ’ ಎಂದು ಪದ್ಯದಲ್ಲಿ ಬರೆದರು. ಇಂದಿನ ಕನ್ನಡ ಬೈಬಲಿನಲ್ಲಿ ಛತ್ರ ಎಂಬ ಪದ ನಮಗೆ ಅಷ್ಟು ಹಿಡಿಸದಿದ್ದರೂ ಗೋದಲಿ ಎಂಬ ಪದಕ್ಕೆ ಕೈಮುಗಿಯಬೇಕು. ತೆಲುಗಿನಲ್ಲಿ ಅದು ಪಶುವುಲ ತೊಟ್ಟಿ. ಕನ್ನಡದ ಕಿವಿಗೆ ಅದು ತೊಟ್ಟಿಲಿನ ಹಾಗೆ ಕೇಳಿಸುತ್ತದೆ, ಅದೂ ಚೆಂದವೇ. ಹುಟ್ಟಿದ ಕೂಸನ್ನು ಮೊದಲು ಮೊರದಲ್ಲಿ ಮಲಗಿಸುವ ಪದ್ಧತಿ ನಮ್ಮಲ್ಲಿ ಇದೆಯಷ್ಟೆ. ಕಾಳು ಹಸನು ಮಾಡುವ ಮೊರ, ಮೇವು ಹಾಕುವ ಗೋದಲಿ ಎರಡೂ ಹೊಟ್ಟೆಗೆ ಸಂಬಂಧಿಸಿದವು. ಬೇತ್ಲೆಹೇಮ್ ಎಂಬ ಹೆಸರಿಗೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ ಎಂದರ್ಥ.

ಪರಮತದ ಕಥೆ ನಮಗೇಕೆ ಎಂದು ಕೇಳುವ ಹಿರಿಯರಿದ್ದಾರೆ. ಬಿ.ಎಂ.ಶ್ರೀ.ಯವರ ‘ಕರುಣಾಳು ಬಾ ಬೆಳಕೆ’ಯನ್ನು ಶಾಲೆಯ ಪ್ರಾರ್ಥನೆಯಲ್ಲಿ ಹಾಡುತ್ತ ಬೆಳೆದವರೂ ಕೇಳುತ್ತಾರೆ; ಅದರ ಮೂಲ ೧೮೩೩ರಲ್ಲಿ ನ್ಯೂಮನ್ ಬರೆದ ಕ್ರೈಸ್ತ ಪ್ರಾರ್ಥನೆ. ಇನ್ನು ಕೆಲವರು, ಗೋಕುಲದ ಕೃಷ್ಣ, ಬೇತ್ಲೆಹೇಮಿನ ಕ್ರಿಸ್ತ ಎಲ್ಲ ಒಂದೇ ಎಂದು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆ ಆತುರವೂ ನಮಗಿಲ್ಲ. ಕೃಷ್ಣ ಹುಟ್ಟಿದ್ದು ಸೆರೆಮನೆಯಲ್ಲಿ, ಅವನನ್ನು ಹೊತ್ತು ಹೊರಗೆ ಸಾಗಿಸಬೇಕಾಯಿತು. ಈ ಕಥೆಯಲ್ಲಿ ಕೂಸಿಗೆ ಇಕ್ಕಟ್ಟಿನ ಮನೆಯೊಳಗೇ ಜಾಗ ಮಾಡಬೇಕಾಯಿತು. ನಮ್ಮನ್ನು ತಟ್ಟುವುದು ಈ ವ್ಯತ್ಯಾಸವೇ.

ಏಕೆಂದರೆ ಹೊರನಾಡಿನ ಕನ್ನಡಿಗರ ಮನೆ ಎಂದರೆ ಇಕ್ಕಟ್ಟು. ರಾಯಚೂರು, ಕಲಬುರಗಿ, ಬೀದರಗಳಿಂದ ನಿಮ್ಸ್ ಆಸ್ಪತ್ರೆಗೆ, ಉಸ್ಮಾನಿಯಾ ಆಸ್ಪತ್ರೆಗೆ, ಪರೀಕ್ಷೆಗೆ, ಇಂಟರ್‌ವ್ಯೂಗೆ ಬರುವವರು ಇಳಿದುಕೊಳ್ಳುವುದು ಎಲ್ಲಿ? ನಮ್ಮದು ಎರಡು ಕೋಣೆಯ ಕ್ವಾರ್ಟರ್ಸು. ಒಂದು ಚಳಿಗಾಲ ಶಸ್ತ್ರಚಿಕಿತ್ಸೆಯಾದ ಸೋದರಮಾವ ಒಂದು ಕೋಣೆಯಲ್ಲಿ, ಅವರನ್ನು ನೋಡಿಕೊಳ್ಳಲು ಬಂದ ಇಬ್ಬರು ಹಾಲಿನಲ್ಲಿ. ಅದೇ ವಾರ ತಂಗಿಗೆ ಹೆರಿಗೆಯಾಗಿ ಆಸ್ಪತ್ರೆಯಿಂದ ಕಳಿಸಿದರು. ನಾವು ಲಾಡ್ಜಿನ ಲೆಕ್ಕ ಹಾಕುತ್ತಿದ್ದೆವು. ಅವ್ವ ಯಾರನ್ನೂ ಕೇಳದೆ ಅಡಿಗೆಮನೆಯ ಡಬ್ಬಿಗಳನ್ನು ಬಾಲ್ಕನಿಗೆ ಸಾಗಿಸಿ, ಒಲೆಯಿಂದ ಆಚೆ ಮೂಲೆಯಲ್ಲಿ ಹಾಸಿಗೆ ಹಾಕಿ, ಕೂಸನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಮೊರದಲ್ಲಿ ಮಲಗಿಸಿದಳು. ಅಲ್ಲೇ ಬೆಚ್ಚಗಿರುತ್ತದೆ ಎಂದಳು. ಹನ್ನೊಂದು ದಿನ ಅಡಿಗೆ ನಡೆದದ್ದು ಬಾಲ್ಕನಿಯಲ್ಲಿ. ಲೂಕನ ಆ ಒಂದು ವಾಕ್ಯದ ಬೆಲೆ ನಮಗೆ ಗೊತ್ತಾದದ್ದು ಪುಸ್ತಕದಿಂದ ಅರ್ಧ, ಆ ಅಡಿಗೆಮನೆಯಿಂದ ಅರ್ಧ. ಬೇತ್ಲೆಹೇಮಿನ ಆ ಮನೆಯೊಡತಿಯ ಹೆಸರನ್ನು ಸುವಾರ್ತೆ ಬರೆದಿಲ್ಲ. ಯಾವ ಗೋದಲಿಯಲ್ಲೂ ಅವಳ ಬೊಂಬೆ ಇರುವುದಿಲ್ಲ. ಗಿರಣಿಯವನಿಗೂ ಮೀನಿನವಳಿಗೂ ಜಾಗವಿದೆ, ಅವಳಿಗಿಲ್ಲ.

ಈ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಧೂಳಪೇಟೆಯಿಂದ ಮಣ್ಣು ತಂದು ಮಕ್ಕಳು ಎತ್ತು ಮಾಡಿದರು, ಗ್ವಾದಲಿ ಮಾಡಿದರು. ಪೂಜೆಯಾದ ಮರುದಿನ ಎತ್ತುಗಳನ್ನು ನೀರಿಗೆ ಬಿಡುವ ಹೊತ್ತಿಗೆ ನೆರೆಮನೆಯ ಹುಡುಗಿ ಬಂದು, ಗ್ವಾದಲಿಯನ್ನು ಮಾತ್ರ ಕೊಡಿರಿ, ಡಿಸೆಂಬರಿಗೆ ಬೇಕು, ರಟ್ಟಿನದಕ್ಕಿಂತ ಇದು ಚೆನ್ನಾಗಿದೆ ಎಂದಳು. ಪೂಜೆಗೆ ಇಟ್ಟದ್ದನ್ನು ಇನ್ನೊಂದು ದೇವರಿಗೆ ಕೊಡಬಹುದೇ ಎಂದು ನಾವು ಅವ್ವನ ಮುಖ ನೋಡಿದೆವು. ಅವ್ವ ಗ್ವಾದಲಿಯನ್ನು ಕೈಗೆ ತೆಗೆದುಕೊಂಡು, ಅಂಚಿನಲ್ಲಿ ಬಿಟ್ಟಿದ್ದ ಬಿರುಕಿಗೆ ಬೆರಳಿನಿಂದ ಒಂದಿಷ್ಟು ಹಸಿಮಣ್ಣು ಮೆತ್ತಿದಳು. “ಬರೇ ಗ್ವಾದಲಿ ಕೊಡಬಾರದವ್ವಾ” ಎಂದು ಒಳಗೆ ಹೋಗಿ ಒಂದು ಹಿಡಿ ಜೋಳ ತಂದು ಅದರಲ್ಲಿ ಹಾಕಿ ಕೊಟ್ಟಳು.